ಹಾಗರಳ ಪರವಾಗಿ ಒಂದು ಮಾತು

ಅಲೋಂಜೊ ಬೆಲ್‌ನ ಸಲೂನಿಗೆ ಹೆಂಗಸರು ಕಾಲಿಡುತ್ತಿರಲಿಲ್ಲ. ಸಾವಿರದ ಒಂಬೈನೂರ ಅರವತ್ತೆರಡರ ಆ ಶನಿವಾರ ಕಪ್ಪುಜನರ ಶಾಲೆಯ ಟೀಚರ್ ಒಡೆಸ್ಸಾ ಕಾಲಿಟ್ಟಳು. ಕೈಯಲ್ಲಿ ಚರ್ಚಿನ ಮರುದಿನದ ಆರಾಧನೆಯ ಕಾರ್ಯಕ್ರಮ ಪಟ್ಟಿ.

"ಮಾತಾಡೋರ ಸಾಲಿಂದ ನನ್ನ ಹೆಸರು ತೆಗೆಸಿದ್ಯಾರು, ಮಿಸ್ಟರ್ ಬೆಲ್?"

ಕುರ್ಚಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡಿದ್ದ ಗಿರಾಕಿ ಥಟ್ಟನೆ ಕಣ್ಣು ಮುಚ್ಚಿ ನಿದ್ದೆಯ ನಟನೆಗೆ ಬಿದ್ದ. ಅಲೋಂಜೊ ಕತ್ತಿ ಒರೆಸಿದ್ದೇ ಒರೆಸಿದ.

ಅವನು ಮೂವತ್ತೆಂಟರ ವಿಧುರ, ಚರ್ಚು ನಡೆಸುವ ಸಭೆಯ ಹಿರಿಯರಲ್ಲಿ ಎಲ್ಲರಿಗಿಂತ ಕಿರಿಯ. ವರ್ಷದಿಂದ ಒಡೆಸ್ಸಾಳ ಬುಧವಾರದ ಬೈಬಲ್ ತರಗತಿ ತಪ್ಪಿಸಿದವನಲ್ಲ. ಸಿಟ್ಟು ಬಂದರೆ ಅವಳ ಎಡಹುಬ್ಬು ಮೇಲೇರುತ್ತಿತ್ತು. ಅದನ್ನು ನೋಡಲೆಂದೇ ಬೇಕಂತಲೇ ತಪ್ಪು ಉತ್ತರ ಕೊಡುತ್ತಿದ್ದ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಹುಬ್ಬೇರಿಸುತ್ತಿದ್ದಳು.

"ಹಿರಿಯರೆಲ್ಲ ಸೇರಿ ತೀರ್ಮಾನ ಮಾಡಿದ್ರು, ಟೀಚರ್. ಹೆಂಗಸರು ಪ್ರಸಂಗದ ಪೀಠ ಹತ್ತಬಾರದಂತೆ."

"ನೀವೇನಂದ್ರಿ?"

"ನಾನು ಸರಿ ಅನ್ಲಿಲ್ಲ."

"ತಪ್ಪು ಅಂದ್ರಾ?"

ಅವನು ಗಿರಾಕಿಯ ಕೆನ್ನೆಗೆ ಮತ್ತೆ ನೊರೆ ಹಚ್ಚತೊಡಗಿದ.

"ಅರ್ಧ ಹೆರೆದು ಬಿಡೋದು ನಿಮ್ಮ ಅಭ್ಯಾಸ ಅನ್ಸುತ್ತೆ," ಎಂದವಳೇ ಹೊರಗೆ ನಡೆದಳು.

ಸೋಮವಾರ ಸಭೆಯ ಹದಿನೇಳು ಹೆಂಗಸರು, ಬಟ್ಟೆ ಒಗೆಯುವವರು, ಅಡುಗೆಯವರು, ಕಪ್ಪುಜನರನ್ನು ದೂರವಿಟ್ಟಿದ್ದ ಮತದಾರರ ಪಟ್ಟಿಗೆ ಹೆಸರು ಬರೆಸಲು ಕೋರ್ಟಿಗೆ ಹೊರಟಿದ್ದರು. ಅವರಿಗೊಂದು ಧೈರ್ಯದ ಮಾತು ಬೇಕಿತ್ತು. ಅಲೋಂಜೊ ತನ್ನ ಹುಬ್ಬನ್ನಷ್ಟೇ ಅಲ್ಲ, ತನ್ನ ವಿಚಾರವನ್ನೂ ಮೆಚ್ಚಿದ್ದಾನೆಂದು ಅವಳು ನಂಬಿದ್ದಳು.

ಭಾನುವಾರ ಪಾಸ್ಟರರ ಪ್ರಸಂಗ ಮುಗಿಯುತ್ತಲೇ ಒಡೆಸ್ಸಾ ಎದ್ದು ಬೆಂಚುಗಳ ನಡುವೆ ನಿಂತಳು.

"ಪೀಠ ನಿಮ್ಮದೇ ಇರಲಿ. ನಾನು ನೆಲದ ಮೇಲೇ ನಿಂತು ಹೇಳ್ತೀನಿ."

"ಕೂತ್ಕೋ ತಂಗಿ," ಎಂದರು ಹಿರಿಯರಲ್ಲಿ ಹಿರಿಯರಾದ ಗ್ರೈಮ್ಸ್.

ಎಂಬತ್ತು ದಾಟಿದ, ಇಡೀ ಸಭೆಗೇ ಅಜ್ಜಿಯಂತಿದ್ದ ಮದರ್ ಕ್ಲೆಮಿ ಮುಂದಿನ ಬೆಂಚಿನಲ್ಲಿ ಊರುಗೋಲು ಕುಟ್ಟಿದಳು. "ನನ್ನ ಕಿವಿ ಮಂದ ಕಣಪ್ಪಾ ಗ್ರೈಮ್ಸ್. ನೀನು ಸುಮ್ಮನಾದ್ರೆ ಅವಳ ಮಾತು ಕೇಳಿಸುತ್ತೆ."

ಸಭೆ ನಕ್ಕಿತು. ಒಡೆಸ್ಸಾ ಮಾತು ಶುರುಮಾಡಿದಳು.

"ಬೈಬಲಿನ ಹಾಗರಳು ಅಬ್ರಹಾಮನ ಮನೆಯ ದಾಸಿ. ಯಜಮಾನನಾಗಲಿ ಯಜಮಾನಿಯಾಗಲಿ ಒಂದು ಸಲವೂ ಅವಳನ್ನ ಹೆಸರು ಹಿಡಿದು ಕರೀಲಿಲ್ಲ. ಯಜಮಾನಿಯ ಹಿಂಸೆ ತಾಳದೆ ಓಡಿಹೋದಾಗ ಕಾಡಲ್ಲಿ ದೇವದೂತ ಹೆಸರು ಹಿಡಿದು ಕರೆದ. ಆಗ ಆ ದಾಸಿ ದೇವರಿಗೇ ಒಂದು ಹೆಸರಿಟ್ಟಳು, ನನ್ನನ್ನ ನೋಡೋ ದೇವರು ಅಂತ. ಬಿಳಿಯರು ನಮ್ಮನ್ನೂ ಮುದುಕಿ ಆಗೋವರೆಗೆ 'ಏ ಹುಡುಗಿ' ಅಂತಾರಲ್ಲ? ನಾಳೆ ನಮ್ಮ ಹೆಸರನ್ನ ನಾವೇ ಬರೆಯೋಣ. ಅದೂ ಪ್ರಾರ್ಥನೆನೇ."

ಉಸಿರು ತೆಗೆದುಕೊಂಡಳು. "ಯಜಮಾನಿ ಹತ್ರ ವಾಪಸ್ ಹೋಗು ಅಂತಲೂ ಆ ದೂತ ಹೇಳಿದ. ಅದನ್ನ ನನ್ನ ಕೈಲಿ ಇನ್ನೂ ನುಂಗೋಕಾಗಿಲ್ಲ. ದೇವರ ಹತ್ರ ಜಗಳ ನಡೀತಿದೆ. ಜಗಳ ಆಡೋಕೂ ನಂಬಿಕೆ ಬೇಕು."

ಆಗ ಹಿರಿಯರ ಬೆಂಚಿನಿಂದ ಅಲೋಂಜೊ ಎದ್ದ.

"ಇವರ ಹೆಸರು ತೆಗೆದಾಗ ನಾನು ಬಾಯಿ ಮುಚ್ಕೊಂಡಿದ್ದೆ. ಅದು ಹೇಡಿತನ," ಎಂದ. ವೇದಿಕೆಯ ಮೆಟ್ಟಿಲಿಳಿದು ಬಂದು ಅಡುಗೆಯ ಹೆಂಗಸರ ಸಾಲಿನಲ್ಲಿ ಕೂತ. ಒಡೆಸ್ಸಾ ಅವನತ್ತ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು.

ಚರ್ಚಿನ ಮಾತು ಬಿಳಿಯ ಅಧಿಕಾರಿಗಳ ಕಿವಿಗೆ ಬಿದ್ದಿತ್ತು. ಸೋಮವಾರ ಬೆಳಿಗ್ಗೆ ಒಡೆಸ್ಸಾಳಿಗೆ ಶಾಲೆಯಿಂದ ಕಾಗದ ಬಂತು: ನಾಳೆಯಿಂದ ಕೆಲಸಕ್ಕೆ ಬರಬೇಡಿ. ಅದನ್ನು ಮಡಚಿ ಬೈಬಲಿನೊಳಗೆ ಇಟ್ಟುಕೊಂಡು ಕೋರ್ಟಿನ ಸಾಲಿಗೆ ಬಂದು ನಿಂತಳು. ರಸ್ತೆಯಾಚೆ ಪೊಲೀಸ್ ಮುಖ್ಯಸ್ಥ ಶೆರೀಫನ ಕಡೆಯವರು ಒಬ್ಬೊಬ್ಬರ ಹೆಸರನ್ನೂ ಬರೆದುಕೊಳ್ಳುತ್ತಿದ್ದರು.

"ಕೆಲಸ ಹೋಯ್ತಂತೆ?" ಬೆನ್ನ ಹಿಂದೆ ಅಲೋಂಜೊನ ದನಿ.

"ನಿಮಗ್ಯಾರು ಹೇಳಿದ್ರು?"

"ಸಲೂನ್ ಇಟ್ಟಿರೋನಿಗೆ ಯಾರು ಹೇಳಬೇಕು? ನನ್ನ ಅನ್ನ ಬಿಳಿಯರ ಕೈಲಿಲ್ಲ, ಟೀಚರ್. ಕಳ್ಕೊಳ್ಳೋದು ಇದ್ದ ನೀವು ಮಾತಾಡಿದ್ರಿ, ಏನೂ ಇಲ್ಲದ ನಾನು ಸುಮ್ಮನಿದ್ದೆ. ರಾತ್ರಿಯೆಲ್ಲ ಅದೇ ಕೊರೀತಿತ್ತು." ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. "ನನ್ನ ಮದುವೆ ಆಗ್ತೀರಾ?"

ಅವಳು ತಿರುಗಿದಳು. "ಕನಿಕರಕ್ಕಾ?"

"ಕನಿಕರ ಆಗಿದ್ರೆ ಒಂದು ಹೊತ್ತಿನ ಊಟ ತರ್ತಿದ್ದೆ. ನೀವು ಹೇಳೋದನ್ನ ಇನ್ನೂ ಮೂವತ್ತು ವರ್ಷ ಕೇಳಬೇಕು ನಾನು. ಒಪ್ಪದೇ ಇದ್ದಾಗ ಬಾಯಿಬಿಟ್ಟು ಹೇಳ್ತೀನಿ. ಒಪ್ಪಿದಾಗಲೂ."

ಅಷ್ಟರಲ್ಲಿ ಕೋರ್ಟಿನ ಗುಮಾಸ್ತ ಬಾಗಿಲೆಳೆದುಕೊಂಡ. "ಇವತ್ತಿಗೆ ಮುಗೀತು." ಗಡಿಯಾರದಲ್ಲಿನ್ನೂ ಹನ್ನೊಂದೂವರೆ.

ಹೆಂಗಸರು ಮನೆಗೆ ಹೋಗಲಿಲ್ಲ, ಮೆಟ್ಟಿಲ ಮೇಲೆಯೇ ಸಾಲಾಗಿ ಕೂತರು. ಮದರ್ ಕ್ಲೆಮಿ ಬುಟ್ಟಿಯಿಂದ ಕರಿದ ಕೋಳಿ ಹಂಚುತ್ತಾ ಕೇಳಿದಳು, "ಆ ಬೆಲ್ ನಿನಗೇನೋ ಅಂದನಲ್ಲೇ?"

"ಮದುವೆ ಆಗ್ತೀರಾ ಅಂದ್ರು."

"ನೀನೇನಂದೆ?"

ಹದಿನೇಳು ಬಾಯಿಗಳು ಅಗಿಯುವುದನ್ನು ನಿಲ್ಲಿಸಿದವು. ಎರಡು ಮೆಟ್ಟಿಲು ಕೆಳಗೆ ಅಲೋಂಜೊ ಟೊಪ್ಪಿಗೆಯ ಅಂಚನ್ನು ಹಿಂಡುತ್ತಿದ್ದ.

"ಆಗ್ತೀನಿ ಅಂದೆ," ಎಂದಳು ಒಡೆಸ್ಸಾ.

"ಯಾವಾಗ ಅಂದ್ರಿ?" ಅವನು ಗಾಬರಿಯಿಂದ ತಲೆಯೆತ್ತಿದ.

"ಈಗ."