ರಿಪೋರ್ಟಿಗೂ ಮೊದಲು ಹೇಳಿ

"ಎಲ್ಲಿ ಅವಳು?"

ಔರಂಗಾಬಾದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಪ್ರಜ್ವಲ ತಲೆಯೆತ್ತಿದ. ಎದುರಿಗೆ ಹರಿಪ್ರಿಯಾ! ನಾಸಿಕದಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು. ಮುಖ ಕೆಂಪೇರಿತ್ತು.

"ಬೇರೆ ಹುಡುಗಿ ಇದ್ದಾಳೆ, ನನ್ನನ್ನು ಮರೆತುಬಿಡಿ ಅಂದ್ರಲ್ಲ. ಅವಳನ್ನು ನೋಡಿ ಹೋಗುವಾ ಅಂತ ಬಂದೆ."

"ನಾ ಇಲ್ಲಿ ಅದೀನಿ ಅಂತ ನಿಮಗ ಹೆಂಗ ಗೊತ್ತಾತ್ರಿ?"

ಪಾಪ, ಧಾರವಾಡದ ಹುಡುಗ! ನಾಸಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿ ದುಡಿಯುತ್ತ, ಹರಿಪ್ರಿಯಾಳ ಅಪ್ಪನ ಹೋಟೆಲಿನಲ್ಲಿ ವರ್ಷಗಟ್ಟಲೆ ಉಂಡರೂ ಉಡುಪಿ ಕಡೆಯವರ ನೆಂಟಸ್ತಿಕೆ ಎಲ್ಲೆಲ್ಲಿ ಹಬ್ಬಿದೆಯೆಂದು ಅವನಿಗೆ ತಿಳಿದಿರಲಿಲ್ಲ. ಈ ಊರಲ್ಲಿ ತನ್ನ ಗುರುತು ಯಾರಿಗಿದೆ ಎಂದುಕೊಂಡು ಆಸ್ಪತ್ರೆಯ ಎದುರಿನ ಹೋಟೆಲಿಗೆ ಹೋಗಿ, ಇಡ್ಲಿಯ ಮೇಲೆ ಮೊಸರು ಸುರಿದು, ಜೇಬಿನಿಂದ ಶೇಂಗಾ ಚಟ್ನಿಯ ಪೊಟ್ಟಣ ಬಿಚ್ಚಿದ್ದ.

ಗಲ್ಲಾದಲ್ಲಿ ಕೂತಿದ್ದವರು ಹರಿಪ್ರಿಯಾಳ ಚಿಕ್ಕಮ್ಮ ವಸುಧಾ. ನಾಸಿಕಕ್ಕೆ ಹೋದಾಗಲೆಲ್ಲ ಅವನು ಹೀಗೆ ತಿನ್ನುವ ಅವತಾರ ನೋಡಿ ನಕ್ಕಿದ್ದವರು. ಆ ಸಂಜೆಯೇ ಫೋನ್ ಮಾಡಿದರು.

"ನಿನ್ನ ಹುಡುಗ ಇಲ್ಲಿದ್ದಾನೆ ಮಾರಾಯ್ತಿ. ಆಸ್ಪತ್ರೆಗೆ ಓಡಾಡ್ತಾ ಇದ್ದಾನೆ."

ಹರಿಪ್ರಿಯಾ ಅವನ ಪಕ್ಕದಲ್ಲಿ ಕೂತಳು. "ಎಂತ ಆಗಿದೆ? ಸುಳ್ಳು ಸಾಕು."

"ಕಾರ್ಖಾನಿ ತಪಾಸಣಿಯೊಳಗ ಎಕ್ಸ್‌ರೇ ತಗದ್ರು. ಶ್ವಾಸಕೋಶದಾಗ ಗಂಟು ಐತಿ. ಸ್ಕ್ಯಾನ್ ನೋಡಿ, ಕ್ಯಾನ್ಸರ್ ಇದ್ದಂಗ ಕಾಣತೈತಿ ಅಂದ್ರು. ಸೂಜಿ ಹಾಕಿ ಚೂರು ತಗದಾರ. ಇವತ್ತ ರಿಪೋರ್ಟು."

ಅವಳಿಗೆ ಅಳು ಬಂತು... ಆದರೆ ಅದಕ್ಕಿಂತ ಮೊದಲು ಕೋಪ ಬಂತು.

"ಅದಕ್ಕೆ ಇಲ್ಲದ ಹುಡುಗಿಯನ್ನು ಹುಟ್ಟಿಸಿದ್ದಾ?"

"ನಿಮ್ಮ ಜೀವನಾ ಹಾಳಾಗಬಾರ್ದು ಅಂತ..."

ಒಳಗಿನಿಂದ ಅವನ ಹೆಸರು ಕೂಗಿದರು. ಎದ್ದವನ ತೋಳನ್ನು ಅವಳು ಹಿಡಿದುಕೊಂಡಳು.

"ನಿಲ್ಲಿ. ನಾನು ಇಷ್ಟವಾ, ಇಲ್ವಾ? ಈಗಲೇ ಹೇಳಿ. ಒಳ್ಳೆ ಸುದ್ದಿ ಕೇಳಿದ ಮೇಲೆ ಹುಟ್ಟುವ ಧೈರ್ಯ ನನಗೆ ಬೇಡ."

"ಕೆಟ್ಟ ಸುದ್ದಿ ಇದ್ರ?"

"ಆಗಲೂ ನಾನು ನಿಮ್ಮವಳೇ. ನೀವು ಹೇಳಿ."

ಪ್ರಜ್ವಲನ ಕಣ್ಣು ತುಂಬಿದವು. "ಇಷ್ಟರೀ... ಭಾಳ ಇಷ್ಟ."

ಇಬ್ಬರೂ ಒಟ್ಟಿಗೆ ಒಳಗೆ ಹೋದರು. ಡಾಕ್ಟರು ರಿಪೋರ್ಟ್ ಓದಿ, ಮರಾಠಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಕ್ಯಾನ್ಸರ್ ಅಲ್ಲ. ಟಿಬಿಯಿಂದಾದ ಗಂಟು. ಸ್ಕ್ಯಾನಿನಲ್ಲಿ ಎರಡೂ ಒಂದೇ ಥರ ಕಾಣುವುದುಂಟು. ಮಾತ್ರೆಯಿಂದ ವಾಸಿಯಾಗುತ್ತದೆ.

ಹೊರಗೆ ಬಂದ ಹರಿಪ್ರಿಯಾ ಗೋಡೆಗೊರಗಿ ಮನಸಾರೆ ಅತ್ತಳು. ಏನು ಮಾಡಬೇಕೆಂದು ತಿಳಿಯದೆ ಪ್ರಜ್ವಲ ಕರವಸ್ತ್ರ ಹಿಡಿದು ನಿಂತ.

"ತಿಂಗಳುಗಟ್ಟಲೆ ಮಾತ್ರಿ ನುಂಗಬೇಕಂತ್ರಿ. ಮುಗಿಯೂತನಕ ಕಾಯ್ತೀರೇನು?"

"ಕಾಯುವುದಿಲ್ಲ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಮದುವೆಯಾಗಿ, ಎದುರಿಗೆ ಕೂತು ನುಂಗಿಸ್ತೇನೆ."