ಬಡಗಣ ತಲೆಯ ಮಂಚ

ಮಾರ್ಚ್ 11, ಬೆಳಿಗ್ಗೆ 11.20. ಹುಣಸೂರಿನ ಠಾಣೆಗೆ ಬಂದ ಕಟ್ಟೆಮಳಲವಾಡಿಯ ಚೆಲುವಯ್ಯ ಕುರ್ಚಿ ಕೊಟ್ಟರೂ ಕೂರಲಿಲ್ಲ. ಅವರ ಹೆಂಡತಿ ಚಿಕ್ಕಸಿದ್ದಮ್ಮ ಹಿಂದಿನ ದಿನ ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ತೀರಿಕೊಂಡಿದ್ದರು.

“ನಾಳೀಕೆ ಆಪ್ರೇಸನ್ನು ಅಂದಿದ್ರು. ರಕ್ತ ಆಕುದ್ರು, ನಡುಗಕ್ಕೆ ಸುರುವಾದ್ಲು. ಸೊಂಟ ಸೀಳ್ತದೆ ಅಂದ್ಲು. ‘ಚಳಿ ಕಣಜ್ಜ, ಹೊದಿಸಿ’ ಅಂದ್ರು ನರ್ಸಮ್ಮ. ಯಾಕ್ ಸತ್ಲು ಅಂತ ಯೋಳಿ, ಅಷ್ಟೇ ಸಾಕು ಕಣವ್ವಾ.”

ಇನ್‌ಸ್ಪೆಕ್ಟರ್ ನಂದಿತಾ ಎಫ್‌ಐಆರ್ ದಾಖಲಿಸಿ, ಶವವನ್ನು ಮರಣೋತ್ತರ ಪರೀಕ್ಷೆಗೆ ಕಳುಹಿಸಿ, ವಾರ್ಡಿನಲ್ಲಿ ಪಂಚನಾಮೆ ನಡೆಸಿದರು. ರಕ್ತದ ಚೀಲ ಸಿಗಲಿಲ್ಲ. ಏರುಪೇರಾದರೆ ಚೀಲವನ್ನು ರಕ್ತನಿಧಿಗೆ ಮರಳಿಸಬೇಕು.

“ಆಯಾ ಕಸಕ್ಕೆ ಹಾಕಿರಬೇಕು ಮೇಡಂ,” ಎಂದಳು ನರ್ಸ್ ಸುಕನ್ಯ.

ಆದರೆ ಸಾವಿನ ದಿನ ಆಯಾ ರಜೆಯಲ್ಲಿದ್ದಳು. ವೈದ್ಯರು ‘ಹೃದಯಾಘಾತ’ ಎಂದಷ್ಟೇ ಹೇಳಿ ವಕೀಲರ ನಂಬರು ಕೊಟ್ಟರು.

ಸಾವಿನ ಕಾರಣದ ಬಗ್ಗೆ ತಜ್ಞರ ಅಭಿಪ್ರಾಯ ವಾರಗಳು ಕಳೆದರೂ ಬರಲಿಲ್ಲ. ಸೋಮವಾರ ಬಂತೆಂದರೆ ಚೆಲುವಯ್ಯ ಠಾಣೆಯ ಮುಂದಿನ ಹೊಂಗೆ ಮರದ ಕೆಳಗಿರುತ್ತಿದ್ದರು. ಹೇಳಲು ಏನೂ ಇಲ್ಲದ ನಂದಿತಾ ಹಿಂಬಾಗಿಲಿನಿಂದ ಓಡಾಡತೊಡಗಿದರು.

“ಅದೇ ವಾರ್ಡ್‌ನಲ್ಲಿದ್ದ ಇನ್ನೊಬ್ಬ ಪೇಷಂಟ್‌ನ ನಾವು ಕೇಳ್ಲೇ ಇಲ್ಲ ಮೇಡಂ,” ಎಂದ ಕಾನ್‌ಸ್ಟೇಬಲ್ ಬೆಟ್ಟಸ್ವಾಮಿ.

ಭೇರ್ಯದ ಜಯಲಕ್ಷ್ಮಮ್ಮ ಮನೆಯ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು. “ರಕ್ತ ಕೊಡ್ತೀವಿ ಅಂದಿದ್ದು ನಂಗೆ ಕಣ್ರೀ. ಕಾದೂ ಕಾದೂ ಸಾಕಾಗಿ ಮೈಸೂರ್ಗೋದೆ.”

“ನಿಮ್ಮ ಮಂಚ ಯಾವುದು?”

“ಮೊದ್ಲು ಕಿಟಕಿ ತಾವ ಇದ್ದದ್ದು ನಂದು. ಪಕ್ಕದ ಆವಮ್ಮನ ಮಂಚದಾಗೆ ತಲೆ ಬಡಗಕ್ಕೆ ಬತ್ತಿತ್ತು. ಆಪ್ರೇಸನ್ ಇರೋರು ಅಂಗ್ ಮಲಗ್ಬಾರ್ದು ಅಂತ ಅವ್ರೆಜಮಾನ್ರು ಕೈಮುಗುದ್ರು. ನಂಗ್ಯಾವ ದಿಕ್ಕಾದ್ರೇನು, ಬುಡು ಅಂತ ಬದ್ಲಾಯಿಸ್ಕೊಂಡೆ.”

ರಕ್ತನಿಧಿ ಖಚಿತಪಡಿಸಿತು: ಮಾರ್ಚ್ 10ರಂದು ಆ ನರ್ಸಿಂಗ್ ಹೋಮಿಗೆ ಹೋದದ್ದು ಒಂದೇ ಚೀಲ, ಜಯಲಕ್ಷ್ಮಮ್ಮನಿಗಾಗಿ, ಬಿ ಗುಂಪಿನದು. ಚಿಕ್ಕಸಿದ್ದಮ್ಮನ ರಕ್ತ ಓ ಗುಂಪು; ಅದಕ್ಕೆ ಬಿ ರಕ್ತ ಹಾಕಿದರೆ ಜೀವಕ್ಕೇ ಅಪಾಯ.

ಸುಕನ್ಯಳನ್ನು ಠಾಣೆಗೆ ಕರೆಸಿದರು.

“ಹೆಸರು ಕೇಳಿದೆಯಾ?”

“ಕಿಟಕಿ ಮಂಚಕ್ಕೆ ಹಾಕು ಅಂದಿದ್ರು ಡಾಕ್ಟ್ರು. ಹಾಕ್ದೆ.”

“ಹೆಸರಿನ ಕೈಪಟ್ಟಿ?”

“ನಮ್ಮಲ್ಲಿ ಕಟ್ಟಲ್ಲ.”

“ಇನ್ನೊಬ್ಬ ನರ್ಸ್ ಜೊತೆ ತಾಳೆ ನೋಡಬೇಕಲ್ಲ?”

“ಇನ್ನೊಬ್ರು ಎಲ್ಲಿದ್ದಾರೆ ಮೇಡಂ? ಎರಡು ವಾರ್ಡಿಗೂ ನಾನೊಬ್ಳೇ.”

“ನಡುಕ ಬಂದಾಗ ಯಾಕೆ ನಿಲ್ಲಿಸಲಿಲ್ಲ?”

ಸುಕನ್ಯ ಸೆರಗಿನಂಚನ್ನು ಬೆರಳಿಗೆ ಸುತ್ತಿದಳು. “ಹಿಂದೆ ಒಬ್ಬರಿಗೆ ನಡುಕ ಬಂತು ಅಂತ ನಿಲ್ಲಿಸಿದ್ದೆ. ಏನೂ ಆಗಿರಲಿಲ್ಲ. ‘ಡಾಕ್ಟರು ನೀನೋ ನಾನೋ’ ಅಂತ ಎಲ್ಲರ ಮುಂದೆ ಉಗಿದ್ರು. ಈ ಸಲ ಕೇಳೇ ನಿಲ್ಲಿಸೋಣ ಅಂತ ಫೋನ್ ಮಾಡ್ತಾ ನಿಂತೆ. ಎತ್ತಲಿಲ್ಲ. ಆಮೇಲೆ ಚೀಲದ ಮೇಲಿನ ಹೆಸರು ನೋಡ್ದೆ. ಬಿಸಾಕ್ದೆ.”

ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ: ಸುಕನ್ಯಳ ಬಂಧನವಾಯಿತು. ಆಡಳಿತದ ಲೋಪಗಳ ಬಗ್ಗೆ ನಂದಿತಾ ಆರೋಗ್ಯ ಇಲಾಖೆಗೆ ವರದಿ ಬರೆದರು. ಅದು ಎಷ್ಟು ವೇಗವಾಗಿ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ವೈದ್ಯರ ಆ ಬೈಗುಳಕ್ಕೆ ಕಾನೂನಿನಲ್ಲಿ ಯಾವ ಕಲಮೂ ಇರಲಿಲ್ಲ.

ಸೋಮವಾರ ಅವರು ಮುಂಬಾಗಿಲಿನಿಂದಲೇ ಹೊಂಗೆ ಮರದ ಬಳಿಗೆ ನಡೆದು ಎಲ್ಲವನ್ನೂ ಹೇಳಿದರು.

“ಮಂಚ ಬದ್ಲಾಯಿಸ್ದೋನು ನಾನೇ ಅಲ್ವೇನವ್ವಾ?”

“ನಿಮ್ಮ ಹೆಸರೇನಮ್ಮ ಅಂತ ನರ್ಸ್ ಒಂದು ಮಾತು ಕೇಳಿದ್ರೆ ಸಾಕಿತ್ತು ಚೆಲುವಯ್ಯ.”

ಚೆಲುವಯ್ಯ ಮರದ ಬುಡದಲ್ಲಿ ಕುಳಿತರು.

“ಕೇಳಿದ್ರೆ ಯೋಳೋಳು,” ಎಂದರು. “ಎಸ್ರು ಕೇಳುದ್ರೆ ಊರು, ಮನೆದೇವ್ರು ಎಲ್ಲಾನೂ ಯೋಳೋಳು.”