ಮಾಯಿಲಪ್ಪಜ್ಜನ ಸ್ಟೇಷನ್

"ಸ್ಟೇಷನ್ ಅಂತೆ! ರೈಲೇ ಇಲ್ಲ! ಸುಳ್ಳಿ!" ಜಯಪ್ಪ ಇಡೀ ಕ್ಲಾಸಿಗೆ ಕೇಳುವಂತೆ ಕೂಗಿದ. ಅವನು ಮೈಸೂರಿನಿಂದ ಬಂದ ಹೊಸ ಹುಡುಗ. ದಿನಾ ರೈಲು ನೋಡಿ ಬೆಳೆದವನು.

ನೀಲಾವತಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. "ಬರುತ್ತೆ ಕಣೋ! ಶನಿವಾರ ಬಾ, ತೋರಿಸ್ತೀನಿ" ಅಂದುಬಿಟ್ಟಳು.

"ಬರದಿದ್ರೆ?"

"ಆಗ ಎಲ್ಲರೂ ನನ್ನ ಸುಳ್ಳಿ ಅಂತಲೇ ಕರೀರಿ!"

ಸಂಜೆ ಅವಳು ಓಡುತ್ತಲೇ ಮನೆಗೆ ಬಂದಳು.

ಶಿರಂಗಾಲ ಊರಿನ ಆಚೆ ಅವಳ ಮನೆಯಿದ್ದ ಜಾಗಕ್ಕೆ ಸ್ಟೇಷನ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅವಳು ಹುಟ್ಟುವ ಮೊದಲು ಸರ್ವೆಯವರು ಬಂದು, ಎರಡು ಸಾಲು ಬಿಳಿ ಕಲ್ಲು ನೆಟ್ಟು, "ರೈಲು ಇಲ್ಲೇ ನಿಲ್ಲುತ್ತೆ" ಎಂದಿದ್ದರು. ಹೋದವರು ಹೋದರು. ರೈಲಿನವರಿಗೆ ಟೀ ಬೇಕಲ್ಲ ಎಂದು ಅವಳ ಅಜ್ಜ ಮಾಯಿಲಪ್ಪ ಅಲ್ಲೇ ಅಂಗಡಿ ಹಾಕಿದ. ಟೀ ಕುಡಿಯುವವರಿಗೆ ಕ್ಷೌರವೂ ಬೇಕಲ್ಲ ಎಂದು ಚೆನ್ನಯ್ಯ ಬಂದ. ಕ್ಷೌರಕ್ಕೆ ಕಾಯುವವರಿಗೆ ಹಸಿವಾಗುತ್ತಲ್ಲ ಎಂದು ಮುತ್ತಿ ಬೋಂಡ ಕರಿಯತೊಡಗಿದಳು. ಒಬ್ಬರ ಹಿಂದೆ ಒಬ್ಬರು ಬಂದು ಊರೇ ಆಯಿತು. ರೈಲೊಂದು ಬಾಕಿ.

"ಅಜ್ಜಾ, ಜಯಪ್ಪ ಬರ್ತಾನೆ. ನನ್ನ ಮಾನ ಹೋಗುತ್ತೆ!"

"ಬರ್ಲಿ ಬಿಡವ್ವ. ರೈಲು ಲೇಟು ಅಂದ್ರಾಯ್ತು."

ಶನಿವಾರ ಜಯಪ್ಪ ಬಂದೇ ಬಂದ. ಅಜ್ಜ ಎಂದಿನಂತೆ ಸ್ಟೇಷನ್ ಮಾಸ್ತರನ ಹಾಗೆ ಖಾಕಿ ಕೋಟು ತೊಟ್ಟು, ಮರಕ್ಕೆ ತೂಗುಹಾಕಿದ್ದ ಕಬ್ಬಿಣದ ತುಂಡಿಗೆ ಢಣಢಣ ಬಾರಿಸಿದ. ಎಂದಿನಂತೆ ಊರೆಲ್ಲ ಬಂದು ಬೆಂಚಿನ ಮೇಲೆ ಕೂತಿತು. ಕಾಫಿ ಎಸ್ಟೇಟಿನ ಕೆಲಸದವರು ಹಣ್ಣು ಬಿಡಿಸುವುದು ಮುಗಿಸಿ ಬಂದರು. ಎಲ್ಲರೂ ಒಮ್ಮೆ ಬಿಳಿ ಕಲ್ಲುಗಳ ಕಡೆ ನೋಡಿದರು. ಅಲ್ಲಿ ಎಮ್ಮೆಯೊಂದು ಮೇಯುತ್ತಿತ್ತು.

"ಎಷ್ಟು ಲೇಟು?" ಜಯಪ್ಪ ಕೇಳಿದ.

"ಹನ್ನೊಂದು ವರ್ಷ" ಎಂದ ಚೆನ್ನಯ್ಯ, ಕತ್ತರಿ ನಿಲ್ಲಿಸದೆ.

"ಹನ್ನೆರಡು! ಸರ್ವೆಯವರು ಬಂದದ್ದು ನಮ್ಮ ಎಮ್ಮೆ ಕಳೆದುಹೋದ ವರ್ಷ" ಎಂದಳು ಮುತ್ತಿ.

ಜಗಳವೇ ಹತ್ತಿತು. ಅರ್ಧ ಊರು ಈ ಕಡೆ, ಅರ್ಧ ಊರು ಆ ಕಡೆ. ಜಯಪ್ಪನ ಕೈಗೆ ಯಾರೋ ಬಿಸಿ ಬೋಂಡ ಕೊಟ್ಟರು. ಆಮೇಲೆ ಇನ್ನೊಂದು. ಅವನು ನಗುತ್ತ ನಗುತ್ತ ಮುತ್ತಿಯ ಕಡೆ ಸೇರಿಬಿಟ್ಟ.

ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದ: "ಅಲ್ಲ, ರೈಲು ಬಂದ್ರೆ ಎಲ್ಲಿ ನಿಲ್ಲುತ್ತೆ?"

ಜಗಳ ಗಪ್ ಎಂದು ನಿಂತಿತು. ಎಲ್ಲರೂ ಸುತ್ತ ನೋಡಿದರು. ಒಂದು ಸಾಲು ಕಲ್ಲಿಗೂ ಇನ್ನೊಂದಕ್ಕೂ ನಡುವೆ ಚೆನ್ನಯ್ಯನ ಕುರ್ಚಿ ಇತ್ತು. ಮುತ್ತಿಯ ಒಲೆ ಇತ್ತು. ನೀಲಾವತಿ ಹುಟ್ಟಿದ ಮನೆ ಇತ್ತು.

"ಅಯ್ಯೋ ಶಿವನೇ, ಬರದಿದ್ರೇ ಒಳ್ಳೇದು!" ಎಂದಳು ಮುತ್ತಿ.

ಅಜ್ಜ ಕೋಟಿನ ಗುಂಡಿ ಸರಿಮಾಡಿಕೊಂಡು ಟೀ ಸೋಸತೊಡಗಿದ. ಇಷ್ಟು ದಿನ ನೀಲಾವತಿಗೆ ಆ ಕೋಟು ಕಂಡರೆ ನಾಚಿಕೆಯಾಗುತ್ತಿತ್ತು. ಇವತ್ತು ಆಗಲಿಲ್ಲ.

ಸೋಮವಾರ ಕ್ಲಾಸಿನಲ್ಲಿ ಹುಡುಗರೆಲ್ಲ ಜಯಪ್ಪನನ್ನು ಮುತ್ತಿಕೊಂಡರು. "ರೈಲು ಬಂತೇನೋ?"

ಜಯಪ್ಪ ನೀಲಾವತಿಯ ಮುಖ ನೋಡಿದ. "ಲೇಟು ಕಣ್ರೋ" ಎಂದ.

ನೀಲಾವತಿ ಬೆಂಚಿನಲ್ಲಿ ಸ್ವಲ್ಪ ಸರಿದು ಅವನಿಗೆ ಜಾಗ ಕೊಟ್ಟಳು.